ಕಟ್ಟೆಗೊಂದು ಗಿಡ, ಅಧ್ಯಕ್ಷೆಗೊಂದು ಪೇಟ

ಹೋದ ಬೇಸಿಗೆಯಲ್ಲಿ ಒಂದು ಸಂಜೆ ನಮ್ಮ ಪಕ್ಕದ ಮನೆಯ ಶೈಲಕ್ಕ ಸ್ವಲ್ಪ ಹೊತ್ತು ಗಿಡವಾಗಿದ್ದರು.

ನಗಬೇಡಿ, ಅಲ್ಲಿ ಯಾರೂ ನಗುತ್ತಿರಲಿಲ್ಲ. ಶೈಲಕ್ಕ ತಮ್ಮ ಮನೆ ಮುಂದಿನ ಕಟ್ಟೆಯ ಮೇಲೆ, ಮಡಿಲಲ್ಲಿ ಕರಿಬೇವಿನ ಪಾಟ್ ಇಟ್ಟುಕೊಂಡು ಅಲುಗಾಡದೆ ಕೂತಿದ್ದರು. ಎದುರಿಗೆ ಸಿಟಿಯಿಂದ, ಅಂದರೆ ಇಲ್ಲಿಯ ನಗರಸಭೆಯಿಂದ, ಬಂದ ಇನ್‌ಸ್ಪೆಕ್ಟರ್. ಪಕ್ಕದಲ್ಲಿ ಶೈಲಕ್ಕನ ಯಜಮಾನರು ಬಸಣ್ಣ, 'ದಿಸ್ ಈಸ್ ಎ ಪ್ಲಾಂಟರ್, ಸರ್' ಎಂದು ಪದೇ ಪದೇ ಹೇಳುತ್ತಿದ್ದರು. ಪ್ಲಾಂಟರ್ ಎಂದರೆ ಗಿಡ ನೆಡುವುದಕ್ಕೆ ಕಟ್ಟಿದ ತೊಟ್ಟಿ. ಅದನ್ನು ಮನೆ ಮುಂದೆ ಕಟ್ಟಬಹುದು. ಕೂರುವ ಕಟ್ಟೆಯನ್ನು ಕಟ್ಟುವ ಹಾಗಿಲ್ಲ.

'ಗಿಡ ಎಲ್ಲಿದೆ?' ಎಂದ ಇನ್‌ಸ್ಪೆಕ್ಟರ್.

ಬಸಣ್ಣ ಹೆಂಡತಿಯ ಮಡಿಲಿನತ್ತ ಕೈ ತೋರಿಸಿದರು.

'ಅದು ಆ ಲೇಡಿಯ ಮೇಲಿದೆ.'

'ಆ ಲೇಡಿ ಪ್ಲಾಂಟರ್ ಮೇಲಿದ್ದಾಳಲ್ಲ, ಸರ್.'

ಇನ್‌ಸ್ಪೆಕ್ಟರ್ ಒಳ್ಳೆಯ ಮನುಷ್ಯ. ಈ ವಾದವನ್ನು ತಳ್ಳಿಹಾಕದೆ ತನ್ನ ಟ್ಯಾಬ್‌ನಲ್ಲಿ ನಿಜಕ್ಕೂ ಹುಡುಕಿ ನೋಡಿದ. ಆಮೇಲೆ ಬಹಳ ವಿನಯದಿಂದ, ಗಿಡ ಮಣ್ಣಿನ ಮೂಲಕ ಕಟ್ಟಡಕ್ಕೆ ಸೇರಿರಬೇಕು, ಮನುಷ್ಯರ ಮೂಲಕ ಸೇರಿದ್ದರೆ ಲೆಕ್ಕಕ್ಕಿಲ್ಲ ಎಂದ. ಶೈಲಕ್ಕ ತುಟಿ ಅಲುಗಿಸದೆ ನನ್ನ ಕಡೆ ನೋಡಿ, 'ಏನಂತಾನವಾ ಇಂವಾ? ನಾ ಇನ್ನೂ ಎಷ್ಟೊತ್ತು ಹಿಂಗ ಕುಂದ್ರಬೇಕು?' ಎಂದರು.

ಇದೆಲ್ಲ ಯಾಕಾಯಿತು ಎಂದು ಹೇಳುವ ಮುಂಚೆ ನಮ್ಮ ಬೀದಿಯನ್ನು ನಿಮಗೆ ತೋರಿಸಬೇಕು.

ಅಮೆರಿಕದ ಟೆಕ್ಸಸ್ಸಿನಲ್ಲಿ ಆಸ್ಟಿನ್‌ನಿಂದ ಹೊರಟು ಸೀಡರ್ ಪಾರ್ಕ್ ದಾಟಿ ಇನ್ನೂ ಸ್ವಲ್ಪ ಮೇಲೆ ಬಂದರೆ ನಮ್ಮೂರು. (ಹೆಸರು ಬೇಡ. ನನಗೂ ಇದೇ ಸಿಟಿಯಲ್ಲಿ ಒಂದು ಮನೆಯಿದೆ, ಅದಕ್ಕೂ ಇದೇ ಇನ್‌ಸ್ಪೆಕ್ಟರ್.) ನಮ್ಮದು ಬಿಲ್ಡರ್ ಒಬ್ಬನೇ ಸಾಲಾಗಿ ಕಟ್ಟಿ ಮಾರಿದ ಮನೆಗಳ ಬಡಾವಣೆ. ಮನೆಗಳಿಗೆಲ್ಲ ಮುಂದುಗಡೆ ಮಾತ್ರ ಕಲ್ಲು, ಉಳಿದ ಮೂರು ಕಡೆ ಹಲಗೆ. ಮದುವೆಗೆ ಹೊರಟವರು ಮುಖಕ್ಕಷ್ಟೇ ಪೌಡರ್ ಹಚ್ಚಿ ಕುತ್ತಿಗೆ ಮರೆತ ಹಾಗೆ. ಇದು ಬಿಲ್ಡರನ ಜಿಪುಣತನ ಎಂದುಕೊಂಡಿದ್ದೆ. ಅಲ್ಲವಂತೆ, ಅದು ಸಿಟಿಯ 'ಆರ್ಕಿಟೆಕ್ಚರಲ್ ಸ್ಟ್ಯಾಂಡರ್ಡ್ಸ್'. ಬೀದಿಗೆ ಕಾಣುವ ಭಾಗ ಕಲ್ಲು ಅಥವಾ ಇಟ್ಟಿಗೆಯದಾಗಿರಬೇಕು. ಮಾಡಿನ ಇಳಿಜಾರು ಇಷ್ಟೇ ಇರಬೇಕು. ಗ್ಯಾರೇಜು ಮೂಗಿನ ಹಾಗೆ ಮುಂದೆ ಚಾಚಬಾರದು. ಅಕ್ಕಪಕ್ಕದ ಎರಡು ಮನೆ ಒಂದೇ ಥರ ಕಾಣಬಾರದು. ಈ ಕೊನೆಯದಕ್ಕೆ ಬಿಲ್ಡರ್ ಹುಡುಕಿದ ಉಪಾಯ, ಒಂದೇ ಮನೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ಕಟ್ಟುವುದು. ನಮ್ಮ ಮನೆಯ ಅಡುಗೆಮನೆ ಇರುವಲ್ಲಿ ಶೈಲಕ್ಕನ ಮನೆಯಲ್ಲಿ ಬಚ್ಚಲು. ಅವರ ಮನೆಗೆ ಹೋದಾಗಲೆಲ್ಲ ನೀರು ಕುಡಿಯಲು ಹೊರಟು ಬಚ್ಚಲ ಬಾಗಿಲು ತೆರೆಯುತ್ತೇನೆ.

ಶೈಲಕ್ಕ, ಬಸಣ್ಣ ಹುಬ್ಬಳ್ಳಿಯವರು. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಕೆಂಪು ಖಾರ ಮಾಡಿ ಸುತ್ತಲಿನ ಇಂಡಿಯನ್ ಅಂಗಡಿಗಳಿಗೆಲ್ಲ ಹಾಕುತ್ತಾರೆ. ಅದಕ್ಕೊಂದು ಬಾಡಿಗೆ ಕಿಚನ್ ಇದೆ. ಶೈಲಕ್ಕ ಬೆಳಗಾಗುವ ಮುಂಚೆ ಅಲ್ಲಿ ನಿಂತರೆ ಮಧ್ಯಾಹ್ನದವರೆಗೂ ನಿಂತೇ ಇರುತ್ತಾರೆ. ಮಂಡಿ ಎರಡೂ ಹೋಗಿವೆ. ಸಂಜೆ ಬಿಸಿಲಿಳಿದ ಮೇಲೆ ಮನೆ ಮುಂದೆ ಸ್ವಲ್ಪ ಹೊತ್ತು ಕೂರಬೇಕು, ಹೋಗಿ ಬರುವವರನ್ನು ನೋಡಬೇಕು. ಅವರಿಗೆ ಬೇಕಾದದ್ದು ಅಷ್ಟೇ.

'ಹಿಂದೆ ಅಷ್ಟು ದೊಡ್ಡ ಬ್ಯಾಕ್‌ಯಾರ್ಡ್ ಇದೆಯಲ್ಲ ಅಕ್ಕಾ?' ಎಂದು ನಾನು ಒಮ್ಮೆ ಕೇಳಿದ್ದೆ.

'ಹಿಂದ ಕುಂತು ಬೇಲಿ ನೋಡ್ಕೋಂತ ಏನ್ ಮಾಡ್ಲಿ? ಬೇಲಿ ಮಾತಾಡ್ತೈತೇನು?' ಎಂದರು.

ಮೊದಲು ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡರು. ಬಡಾವಣೆಯ ಮಾಲೀಕರ ಸಂಘದಿಂದ ನೋಟೀಸ್ ಬಂತು. ಮನೆಯ ಮುಂದೆ ಎತ್ತಿಡಬಹುದಾದ ಸಾಮಾನು ಇಡುವಂತಿಲ್ಲ. ಬಸಣ್ಣ ನೋಟೀಸನ್ನು ಎರಡೆರಡು ಸಲ ಓದಿದರು. ಎತ್ತಿಡಬಹುದಾದದ್ದು ತಾನೆ ತಪ್ಪು? ಹಾಗಾದರೆ ಎತ್ತಿಡಲಾಗದ್ದನ್ನು ಮಾಡೋಣ. ಒಬ್ಬ ಮೇಸ್ತ್ರಿಯನ್ನು ಹಿಡಿದು, ಮನೆಗೆ ಹಾಕಿದ ಅದೇ ಕಲ್ಲು ತರಿಸಿ, ಮುಂಬಾಗಿಲ ಪಕ್ಕ ಒಂದೂವರೆ ಅಡಿ ಎತ್ತರದ ಕಟ್ಟೆ ಕಟ್ಟಿಸಿದರು. ಮೇಲೆ ಅಡುಗೆಮನೆಯಲ್ಲಿ ಮಿಕ್ಕಿದ್ದ ಗ್ರಾನೈಟ್ ಹಾಸಿದರು. ಮಧ್ಯಾಹ್ನ ಅದರ ಮೇಲೆ ಹಪ್ಪಳ ಸುಡಬಹುದಿತ್ತು, ಸಂಜೆಗೆ ತಣ್ಣಗಾಗುತ್ತಿತ್ತು.

ಮತ್ತೆ ಏನಾಯಿತು ಗೊತ್ತೇ? ಬೀದಿಗೆ ಜೀವ ಬಂತು.

ಇಷ್ಟು ವರ್ಷ ನಾನು ಗ್ಯಾರೇಜಿನಿಂದ ಕಾರಿನಲ್ಲಿ ಹೊರಬಿದ್ದು ಕಾರಿನಲ್ಲೇ ಗ್ಯಾರೇಜಿಗೆ ವಾಪಸಾಗುತ್ತಿದ್ದೆ. ಎದುರು ಮನೆಯವರ ಕಾರಿನ ಬಣ್ಣ ಗೊತ್ತಿತ್ತು, ಅವರ ಹೆಸರು ಗೊತ್ತಿರಲಿಲ್ಲ. ಶೈಲಕ್ಕ ಕಟ್ಟೆ ಮೇಲೆ ಕೂತ ಮೊದಲ ವಾರದಲ್ಲೇ ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಎತ್ತರದ ಮನುಷ್ಯನಿಗೆ, 'ಊಟ ಆತೇನ್ರಿ?' ಎಂದು ಕೇಳಿದರು. ಆತ ನಿಂತ. ಶೈಲಕ್ಕ ಕೈಯನ್ನು ಬಾಯಿಯ ಹತ್ತಿರ ಒಯ್ದು ತೋರಿಸಿದರು. ಆತ ಪ್ರಾಮಾಣಿಕವಾಗಿ 'ನೋ' ಎಂದ.

ನಮ್ಮಲ್ಲಿ ಯಾರಾದರೂ ಈ ಪ್ರಶ್ನೆಗೆ ಇಲ್ಲ ಎನ್ನುತ್ತಾರೆಯೇ? ಹಸಿವಿನಿಂದ ಕಣ್ಣು ಕತ್ತಲಿಡುತ್ತಿದ್ದರೂ ಆಯ್ತು ಎಂದೇ ಹೇಳಬೇಕು. ಇಲ್ಲ ಎಂದರೆ ಕೇಳಿದವರ ಗತಿ ಏನು? ಶೈಲಕ್ಕ ಮಂಡಿ ಹಿಡಿದುಕೊಂಡು ಒಳಗೆ ಹೋಗಿ ಎರಡು ರೊಟ್ಟಿ, ಎಣ್ಣೆಗಾಯಿ ತಂದರು. ಆತ ಅಲ್ಲೇ ಕಟ್ಟೆಯ ಮೇಲೆ ಕೂತು ತಿಂದ. ಹೆಸರು ರಾನ್. ಹೆಂಡತಿ ತೀರಿಕೊಂಡಿದ್ದಾರೆ. ಕಣ್ಣಲ್ಲಿ ನೀರು ಬಂದದ್ದು ಖಾರಕ್ಕೆ ಎಂದು ಆತ ಹೇಳಿದ, ನಾವೂ ಹಾಗೇ ಅಂದುಕೊಂಡೆವು. ಮಾರನೆಯ ದಿನದಿಂದ ದೂರದಲ್ಲೇ 'ಆತ್ರಿ, ಆತ್ರಿ' ಎನ್ನುತ್ತಾ ಬರತೊಡಗಿದ. ಅಷ್ಟರಲ್ಲಿ ಮೂಲೆ ಮನೆಯ ವಿಯೆಟ್ನಾಮಿ ಅಜ್ಜಿಯೂ ಸೇರಿಕೊಂಡಿದ್ದರು. ಆಕೆಗೆ ಇಂಗ್ಲಿಷ್ ಬಾರದು, ಶೈಲಕ್ಕನಿಗೂ ಅಷ್ಟಕ್ಕಷ್ಟೇ. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಸೊಸೆಯಂದಿರ ಬಗ್ಗೆ ಮಾತಾಡುತ್ತಿದ್ದರು ಎಂದು ನನ್ನ ಗುಮಾನಿ. ಅರ್ಥವಾಗದೆ ಅಷ್ಟು ನಗು ಬರುವುದಿಲ್ಲ.

ಆಮೇಲೆ ಯಾರೋ ಸಿಟಿಗೆ ಫೋನ್ ಮಾಡಿದರು. ಯಾರೆಂದು ಸಿಟಿ ಹೇಳುವುದಿಲ್ಲ. (ನಾವು ಊಹಿಸಿದ್ದೇವೆ. ಊಹೆ ತಪ್ಪಿದ್ದರೂ ಅವರ ಜೊತೆ ಮಾತು ಬಿಟ್ಟಿದ್ದೇವೆ.) ಇನ್‌ಸ್ಪೆಕ್ಟರ್ ಬಂದ, ಕಟ್ಟೆ ಅಳೆದ, ಇದು ಮನೆ ಮುಂದಿನ ಅಕ್ರಮ ಗೋಡೆ ಎಂದ. ಆಗಲೇ ಬಸಣ್ಣನಿಗೆ ಪ್ಲಾಂಟರಿನ ಐಡಿಯಾ ಹೊಳೆದದ್ದು, ಶೈಲಕ್ಕ ಗಿಡವಾದದ್ದು.

ಹೊರಡುವ ಮುಂಚೆ ಇನ್‌ಸ್ಪೆಕ್ಟರ್ ಒಂದು ಒಳ್ಳೆಯ ಸುದ್ದಿ ಹೇಳಿದ. ಸಿಟಿ ಈ ನಿಯಮಗಳನ್ನೇ ಪರಿಷ್ಕರಿಸುತ್ತಿದೆ. ಎಲ್ಲಿ ಏನು ಕಟ್ಟಬಹುದೆಂದು ತೀರ್ಮಾನಿಸುವ ಝೋನಿಂಗ್ ಕಮಿಷನ್ ಮುಂದೆ ಚರ್ಚೆಯಿದೆ, ಜನ ಬಂದು ಮಾತಾಡಬಹುದು. ಅಲ್ಲಿ ಕಟ್ಟೆಗೆ ಒಪ್ಪಿಗೆ ಸಿಕ್ಕರೆ ಉಳಿಯುತ್ತದೆ. ಸಿಗದಿದ್ದರೆ ಒಡೆಯಬೇಕು. ಅಲ್ಲಿಯವರೆಗೆ ಯಾರೂ ಮುಟ್ಟುವುದಿಲ್ಲ.

ಹೊಸ ಕರಡನ್ನು ಡೌನ್‌ಲೋಡ್ ಮಾಡಿ ನಾನೇ ಓದಿದೆ. ಮೊದಲ ಪುಟದಲ್ಲೇ ಉದ್ದೇಶ ಬರೆದಿದ್ದರು. ನಿವಾಸಿಗಳು ಮನೆಯ ಮುಂದೆ ಕೂತು ಕಾಲ ಕಳೆಯುವಂತೆ, ನೆರೆಹೊರೆಯವರು ಪರಸ್ಪರ ಮಾತಾಡುವಂತೆ ಮಾಡುವುದು. ಅದಕ್ಕಾಗಿ ಇನ್ನು ಮುಂದೆ ಪ್ರತಿ ಹೊಸ ಮನೆಗೂ ಬಾಗಿಲ ಮುಂದೆ ಮಾಡು ಇಳಿಸಿದ ಪೋರ್ಚ್ ಕಡ್ಡಾಯ. ಇಬ್ಬರು ಕೂರುವಷ್ಟು ಆಳ ಇರಬೇಕು. ಓದಿ ನನಗೆ ಬಹಳ ಸಂತೋಷವಾಯಿತು. ಪುಟ ತಿರುಗಿಸಿದೆ. ಆ ಪೋರ್ಚಿನ ಮೇಲೆ ಕಲ್ಲಿನ ಆಸನ, ಜಗಲಿ, ಕಟ್ಟೆ, ಗಿಡ್ಡಗೋಡೆ ಯಾವುದನ್ನೂ ಕಟ್ಟತಕ್ಕದ್ದಲ್ಲ.

ಕುರ್ಚಿ ಇಟ್ಟರೆ ಸಂಘ ಬಿಡುವುದಿಲ್ಲ. ಕಟ್ಟೆ ಕಟ್ಟಿದರೆ ಸಿಟಿ ಬಿಡುವುದಿಲ್ಲ. ಇಬ್ಬರು ಕೂರುವಷ್ಟು ಜಾಗ ಮಾತ್ರ ಕಡ್ಡಾಯವಾಗಿ ಬಿಟ್ಟಿರಬೇಕು. ಅಲ್ಲಿ ಕೂರುವುದು ಯಾವುದರ ಮೇಲೆ? ಗಾಳಿಯ ಮೇಲೆಯೇ?

ಸಿಟ್ಟಿನಲ್ಲಿ ಹ್ಯೂಸ್ಟನ್ನಿನಲ್ಲಿರುವ ಗೆಳತಿಗೆ ಫೋನ್ ಮಾಡಿದೆ. 'ನಮ್ಮೂರಲ್ಲಿ ಝೋನಿಂಗೇ ಇಲ್ಲ ಕಣೇ. ನಮ್ಮ ಮನೆ ಒಂದು ಪಕ್ಕ ಟೈರ್ ಅಂಗಡಿ, ಇನ್ನೊಂದು ಪಕ್ಕ ಚರ್ಚು. ನೀನು ಕಟ್ಟೆ ಅಲ್ಲ, ಕೋಟೆ ಕಟ್ಕೋ' ಎಂದು ನಕ್ಕಳು. ಡಾಲಸ್ ಹತ್ತಿರ ಲೂಯಿಸ್‌ವಿಲ್‌ನಲ್ಲಿರುವ ನನ್ನ ತಮ್ಮನಿಗೆ ಮಾಡಿದೆ. ಅವನು ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯವನು. 'ಅಕ್ಕಾ, ನನಗೆ ಮನೆ ಮುಂದೆ ಅನ್ನೋದೇ ಇಲ್ಲ' ಎಂದ. ಇವರಿಂದೆಲ್ಲ ಏನು ಉಪಯೋಗ?

ಕಮಿಷನ್ನಿನ ಮೊದಲ ಸಭೆಗೆ ಶೈಲಕ್ಕ, ಬಸಣ್ಣ, ನಾನು ಮೂವರೇ ಹೋದೆವು. ಏಳು ಜನ ಸದಸ್ಯರು. ಅದರಲ್ಲಿ ಮೂವರು ನಮ್ಮ ಮಾತು ಕೇಳಿ ತಲೆಯಾಡಿಸಿದರು. ಮೂವರು, ಇವತ್ತು ಕಟ್ಟೆ ಎನ್ನುತ್ತಾರೆ, ನಾಳೆ ಕೋಳಿಗೂಡು ಕಟ್ಟುತ್ತಾರೆ ಎಂದರು. ಉಳಿದವರು ಅಧ್ಯಕ್ಷೆ, ಹೆಸರು ಲಿಂಡಾ. ಬೆಳ್ಳಿ ಕೂದಲು, ಕೊರಳಿಗೆ ಇಳಿಬಿಟ್ಟ ಕನ್ನಡಕ. ತಮ್ಮ ಅಜ್ಜಿ ಸಂಜೆಯೆಲ್ಲ ಮನೆ ಮುಂದೆ ಕೂತು ಬಟಾಣಿ ಸುಲಿಯುತ್ತಿದ್ದರು ಎಂದು ನೆನೆದರು. ಮುಂದಿನ ಸಭೆಯಲ್ಲಿ ಕಟ್ಟೆಗೆ ಅವಕಾಶ ಕೊಡುವ ಒಂದು ಸಾಲನ್ನು ತಾವೇ ಸೇರಿಸುವುದಾಗಿ, ಅದರ ಪರ ವೋಟು ಹಾಕುವುದಾಗಿ ಎಲ್ಲರೆದುರು ಹೇಳಿದರು.

ಮೂರಕ್ಕೆ ಒಂದು ಸೇರಿದರೆ ನಾಲ್ಕು. ಗೆದ್ದಂತೆಯೇ. ನಾವು ಇನ್ನೇನೂ ಮಾಡಬೇಕಾಗಿರಲಿಲ್ಲ. ಎರಡನೆಯ ಸಭೆಗೆ ಹೋಗಿ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತು.

ಆದರೆ ಕನ್ನಡಿಗರು ನಾಲ್ಕು ಜನ ಸೇರಿದರೆ ಬಾಯಿ ಮುಚ್ಚಿಕೊಂಡು ಕೂತ ದಾಖಲೆ ಎಲ್ಲಿದೆ?

ಸುದ್ದಿ ನಮ್ಮ ಕನ್ನಡ ಬಳಗದ ಅಧ್ಯಕ್ಷರಾದ ಪುಟ್ಟಸ್ವಾಮಿಯವರಿಗೆ ತಲುಪಿತು. ಮಂಡ್ಯದವರು, ಕಂಪ್ಯೂಟರ್ ಚಿಪ್ ಕಂಪನಿಯಲ್ಲಿ ದೊಡ್ಡ ಕೆಲಸ, ಅದಕ್ಕಿಂತ ದೊಡ್ಡ ಹೃದಯ. ಅವರು ನನಗೆ ಫೋನ್ ಮಾಡಿ, 'ಮೇಡಂ, ಇದು ಶೈಲಕ್ಕನ ಕಟ್ಟೆ ಅಲ್ಲ, ಕನ್ನಡಿಗರ ಕಟ್ಟೆ. ಎಷ್ಟ್ ಜನ ಬೇಕು ಹೇಳಿ, ಕರ್ಕೊಂಡ್ ಬರ್ತೀನಿ' ಎಂದರು.

'ಯಾರೂ ಬೇಡ ಸಾರ್, ಲಿಂಡಾ ನಮ್ಮ ಪರ ಇದ್ದಾರೆ.'

'ನಮ್ಮ ಪರ ಇದಾರಾ? ಮತ್ತೆ ಬರಿಗೈಲಿ ಹೋಗ್ತೀರಾ? ಎಂಥ ಜನ ರೀ ನೀವು!'

ಎರಡನೆಯ ಸಭೆಯ ದಿನ ನಾವು ಹೋಗುವಷ್ಟರಲ್ಲಿ ಹಾಲ್ ತುಂಬಿತ್ತು. ರೇಷ್ಮೆ ಸೀರೆ, ಜುಬ್ಬಾ. ಯಾರೋ ಕೋಸಂಬರಿ ತಂದಿದ್ದರು. ಬಾಗಿಲ ಬಳಿಯ ಪೊಲೀಸಿನವನಿಗೆ ದೊನ್ನೆಯಲ್ಲಿ ಕೊಟ್ಟಾಗಿತ್ತು. ಮುಂದೆ ಎತ್ತರದ ವೇದಿಕೆ, ಅದರ ಮೇಲೆ ಏಳು ಕುರ್ಚಿ, ಏಳು ಮೈಕು, ಏಳು ಹೆಸರಿನ ಫಲಕ. ನೋಡಿದೊಡನೆ ನನಗೆ ಗೊತ್ತಾಯಿತು. ಪುಟ್ಟಸ್ವಾಮಿಯವರ ಕಣ್ಣಿಗೆ ಅದು ಕಮಿಷನ್ನಿನ ಹಾಗೆ ಕಂಡಿರಲಿಲ್ಲ. ರಾಜ್ಯೋತ್ಸವದ ಸ್ಟೇಜಿನ ಹಾಗೆ ಕಂಡಿತ್ತು.

ಸಾರ್ವಜನಿಕರಿಗೆ ತಲಾ ಮೂರು ನಿಮಿಷ. ಹಸಿರು ದೀಪ ಹತ್ತಿದಾಗ ಶುರು ಮಾಡಬೇಕು, ಕೆಂಪು ಬಂದಾಗ ನಿಲ್ಲಿಸಬೇಕು. ಪುಟ್ಟಸ್ವಾಮಿ ಮೈಕಿನ ಮುಂದೆ ನಿಂತರು, ಕೈ ಮುಗಿದರು.

'ರೆಸ್ಪೆಕ್ಟೆಡ್ ಪ್ರೆಸಿಡೆಂಟ್ ಆಫ್ ದ ಫಂಕ್ಷನ್, ಡಿಗ್ನಿಟರೀಸ್ ಆನ್ ದ ಡಯಾಸ್, ಡಿಗ್ನಿಟರೀಸ್ ಆಫ್ ದ ಡಯಾಸ್...'

ಏಳೂ ಫಲಕ ಓದಿ ಏಳೂ ಜನರಿಗೆ ಬೇರೆ ಬೇರೆ ವಿಶೇಷಣ ಹಚ್ಚಿದರು. ಕೋಳಿಗೂಡಿನ ಮಾತಾಡಿದವರಿಗೆ 'ಡೈನಾಮಿಕ್ ಲೀಡರ್' ಎಂದರು. ಟೈಪ್ ಮಾಡುತ್ತಿದ್ದ ಹೆಂಗಸನ್ನು, ಮೈಕ್ ಸೆಟ್ಟಿನವನನ್ನು, ಕೋಸಂಬರಿ ಹಿಡಿದು ನಿಂತ ಪೊಲೀಸಿನವನನ್ನು ನೆನೆದರು. ಹಳದಿ ದೀಪ ಹತ್ತಿತು. 'ಆನ್ ದಿಸ್ ಬ್ಯೂಟಿಫುಲ್ ಈವ್ನಿಂಗ್' ಎನ್ನುವಷ್ಟರಲ್ಲಿ ಕೆಂಪು. ಕಟ್ಟೆ ಎಂಬ ಪದ ಅವರ ಬಾಯಿಂದ ಇನ್ನೂ ಹೊರಟಿರಲಿಲ್ಲ.

ಅಬ್ಬಾ, ಮುಗಿಯಿತಲ್ಲ ಎಂದು ನಾನು ಉಸಿರು ಬಿಟ್ಟೆ. ಮುಗಿದಿರಲಿಲ್ಲ. ಪುಟ್ಟಸ್ವಾಮಿ ಹಿಂದಕ್ಕೆ ತಿರುಗಿ ಕಣ್ಸನ್ನೆ ಮಾಡಿದರು. ಇಬ್ಬರು ಹೆಂಗಸರು ತಟ್ಟೆ ಹಿಡಿದು ಎದ್ದರು. ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ.

ಲಿಂಡಾ ಏನಾಗುತ್ತಿದೆ ಎಂದು ತಿಳಿಯದೆ ವೇದಿಕೆಯಿಂದ ಕೆಳಗಿಳಿದು ಬಂದರು. ಪಾಪ, ಒಳ್ಳೆಯ ಹೆಂಗಸು, ಯಾರಾದರೂ ತಟ್ಟೆ ಹಿಡಿದು ಬಂದರೆ ಎದ್ದು ಬರಬೇಕು ಎಂಬ ಸಂಸ್ಕಾರ ಟೆಕ್ಸಸ್ಸಿನಲ್ಲೂ ಇದೆ. ಶಾಲು ಹೊದಿಸಿದರು. ಹಾರ ಹಾಕಿದರು. ಪೇಟ ಇಟ್ಟರು. ಕನ್ನಡಕದ ದಾರ ಹಾರಕ್ಕೆ ಸಿಕ್ಕಿಕೊಂಡಿತು. ಹಾಲ್ ತುಂಬ ಚಪ್ಪಾಳೆ. ಎಲ್ಲರೂ ನುಗ್ಗಿ ಸುತ್ತ ನಿಂತು ಫೋಟೋ ತೆಗೆಸಿಕೊಂಡರು. (ನಾನೂ ಇದ್ದೇನೆ. ಎಡಗಡೆ, ಹಣ್ಣಿನ ಬುಟ್ಟಿ ಹಿಡಿದವಳು. ಯಾರೋ ಕೈಗೆ ಕೊಟ್ಟರು, ಹಿಡಿದೆ. ಕೊಟ್ಟದ್ದನ್ನು ಹಿಡಿಯದೆ ಇರುವುದು ಹೇಗೆ?)

ಆಗ ಮೂಲೆಯಲ್ಲಿ ಕೂತಿದ್ದ ಸಿಟಿಯ ಲಾಯರ್ ಎದ್ದು ನಿಂತ. ಬಡಕಲು ಮನುಷ್ಯ. ಅಧ್ಯಕ್ಷೆ ಈಗ ವೋಟು ಹಾಕಬೇಕಾದ ವಿಷಯದಲ್ಲಿ, ಆ ವಿಷಯಕ್ಕೆ ಸಂಬಂಧಪಟ್ಟವರಿಂದ ಉಡುಗೊರೆ ತೆಗೆದುಕೊಂಡಂತಾಯಿತು ಎಂದ. ಆದರೆ ಆತನೂ ಕೆಟ್ಟವನಲ್ಲ. ದಾರಿ ಮಾಡಿಕೊಡುವವನ ಹಾಗೆ, 'ಇದು ಅಲ್ಪ ಬೆಲೆಯ ವಸ್ತುವಾದರೆ ಏನೂ ತೊಂದರೆಯಿಲ್ಲ. ಇದರ ಬೆಲೆ ಎಷ್ಟಾಗಬಹುದು?' ಎಂದು ಕೇಳಿದ.

ಆ ಪೇಟದ ಹಣೆಬರಹ ನಮಗೆಲ್ಲ ಗೊತ್ತಿತ್ತು. ಬೆಂಗಳೂರಿನಿಂದ ಡಜನ್ ಲೆಕ್ಕದಲ್ಲಿ ತರಿಸಿದ್ದು. ಹಿಂದಿನ ಕಾರ್ಯಕ್ರಮದಲ್ಲಿ ಮಿಕ್ಕು ಪುಟ್ಟಸ್ವಾಮಿಯವರ ಗ್ಯಾರೇಜಿನಲ್ಲಿ ಬಿದ್ದಿತ್ತು. ಜರಿ ಎನ್ನುವುದು ಬರೀ ಬಣ್ಣದ ಕಾಗದ. ನಾನು ಬುಟ್ಟಿಯ ಹಿಂದಿನಿಂದ, ಕಡಿಮೆ ಹೇಳಿ, ಕಡಿಮೆ ಹೇಳಿ ಎಂದು ಸನ್ನೆ ಮಾಡಿದೆ. ಬಸಣ್ಣ ಕೆಮ್ಮಿದರು.

ಪುಟ್ಟಸ್ವಾಮಿಯವರ ಮುಖ ಕೆಂಪಾಯಿತು. ಸನ್ಮಾನಕ್ಕೆ ಬೆಲೆ ಕೇಳುವುದೇ? ಅದೂ ಕ್ಯಾಮೆರಾ ಮುಂದೆ? ಎದೆಯುಬ್ಬಿಸಿ, 'ಪ್ಯೂರ್ ಸಿಲ್ಕ್, ಸರ್. ಪ್ಯೂರ್ ಗೋಲ್ಡ್ ಜರಿ. ಮಹಾರಾಜಾಸ್ ವೋರ್ ದಿಸ್. ಇಟ್ ಈಸ್ ಪ್ರೈಸ್‌ಲೆಸ್' ಎಂದರು.

ಲಾಯರ್ ಬರೆದುಕೊಂಡ. ಬೆಲೆ ಕಟ್ಟಲಾಗದ್ದು.

ಲಿಂಡಾಗೆ ಈಗ ವಿಷಯ ಅರ್ಥವಾಗಿತ್ತು. 'ಹಾಗಾದರೆ ವಾಪಸ್ ಕೊಟ್ಟುಬಿಡುತ್ತೇನೆ' ಎಂದು ಪೇಟ ತೆಗೆದು ಪುಟ್ಟಸ್ವಾಮಿಯವರ ಕಡೆ ಚಾಚಿದರು. ಅಷ್ಟಕ್ಕೇ ಎಲ್ಲ ಸರಿಹೋಗುತ್ತಿತ್ತು. ಲಾಯರ್ ಕೂಡ ತಲೆಯಾಡಿಸಿದ. ಪುಟ್ಟಸ್ವಾಮಿ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

'ನೋ ಮೇಡಂ. ಒನ್ಸ್ ಗಿವನ್, ಕೆನಾಟ್ ಬಿ ಟೇಕನ್ ಬ್ಯಾಕ್. ವೆರಿ ಬಿಗ್ ಇನ್ಸಲ್ಟ್ ಟು ಯೂ, ಮೇಡಂ.'

'ನನಗೆ ಇನ್ಸಲ್ಟ್ ಆಗುವುದಿಲ್ಲ' ಎಂದರು ಲಿಂಡಾ.

'ನಮಗೆ ಆಗುತ್ತೆ, ಮೇಡಂ.'

ಲಿಂಡಾ ಒಂದು ಹೆಜ್ಜೆ ಮುಂದಿಟ್ಟರು. ಪುಟ್ಟಸ್ವಾಮಿ ಒಂದು ಹೆಜ್ಜೆ ಹಿಂದಿಟ್ಟರು. ಅಧ್ಯಕ್ಷೆ ಪೇಟ ಹಿಡಿದು, ಅಧ್ಯಕ್ಷರು ಕೈಕಟ್ಟಿ, ಮೈಕಿನ ಕಂಬವನ್ನು ಒಂದು ಸುತ್ತು ಬಂದರು. ಕನ್ನಡಿಗರಲ್ಲಿ ಬೇರೆ ಯಾರಾದರೂ ಆ ಪೇಟವನ್ನು ಕೈಚಾಚಿ ತೆಗೆದುಕೊಳ್ಳಬಹುದಿತ್ತು. ಅಷ್ಟು ಜನ ಇದ್ದೆವು, ಒಬ್ಬರೂ ಮುಂದೆ ಬರಲಿಲ್ಲ. ಕೊಟ್ಟದ್ದನ್ನು ವಾಪಸ್ ತೆಗೆದುಕೊಂಡವರು ಎಂದು ಯಾರು ಅನ್ನಿಸಿಕೊಳ್ಳುತ್ತಾರೆ?

ನಿಯಮದ ಪ್ರಕಾರ ಲಿಂಡಾ ಆ ವಿಷಯದಿಂದ ಹಿಂದೆ ಸರಿಯಬೇಕಾಯಿತು. ಹಿಂದೆ ಸರಿದವರು ಹಾಲಿನ ಒಳಗೂ ಇರುವಂತಿಲ್ಲ. ಶಾಲು ಹೊದ್ದು, ಹಾರ ಹಾಕಿಕೊಂಡು, ಪೇಟವನ್ನು ಕಂಕುಳಲ್ಲಿ ಇರುಕಿಕೊಂಡು ಹೊರಗೆ ಹೋದರು. ಗಾಜಿನ ಬಾಗಿಲ ಆಚೆ ನಿಂತು ಒಳಗೆ ನೋಡುತ್ತಿದ್ದರು. ಒಳಗೆ ವೋಟಾಯಿತು. ಮೂರು, ಮೂರು. ಸಮಬಲವಾದರೆ ಪ್ರಸ್ತಾಪ ಬಿದ್ದಂತೆ. ಕಟ್ಟೆಯ ಸಾಲು ಸೇರಲಿಲ್ಲ. ಅದರ ಮೇಲಿನ ಕೌನ್ಸಿಲ್ ಕರಡನ್ನು ಇದ್ದ ಹಾಗೇ ಪಾಸ್ ಮಾಡಿತು.

ಪಾರ್ಕಿಂಗ್ ಲಾಟಿನಲ್ಲಿ ಶೈಲಕ್ಕನೇ ಮೊದಲು ಬಾಯಿ ಬಿಟ್ಟರು.

'ಛಲೋ ಮಾಡಿದ್ರಿ ಬಿಡ್ರಿ ಪುಟ್ಟಸ್ವಾಮಿಯವರ. ನಮ್ಮ ಪಾಲಿಗೆ ಅಂತ ಇದ್ದದ್ದು ಅದೊಂದ ತಲಿ. ಅದಕ್ಕ ಪೇಟಾ ಸುತ್ತಿ ಹೊರಗ ಕಳಿಸಿದ್ರಿ.'

'ತಪ್ಪಾಯ್ತು ಅಕ್ಕಾ' ಎಂದರು ಪುಟ್ಟಸ್ವಾಮಿ. ನಿಜವಾಗಿಯೂ ಕುಗ್ಗಿಹೋಗಿದ್ದರು. ಸ್ವಲ್ಪ ಹೊತ್ತಿನ ಮೇಲೆ ಫೋನ್ ತೆಗೆದು ನೋಡಿ, 'ಆದ್ರೂ ಫೋಟೋ ಚೆನ್ನಾಗ್ ಬಂದಿದೆ' ಎಂದರು.

ನನಗೆ ಅವರ ಮೇಲೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಮನೆಗೆ ಬಂದು ಯೋಚಿಸಿದ ಮೇಲೆ ಅರ್ಧ ಇಳಿಯಿತು. ನಾವು ಪ್ರೀತಿ ತೋರಿಸಬೇಕೆಂದರೆ ಯಾರಿಗಾದರೂ ಶಾಲು ಹೊದಿಸಬೇಕು. ಸಿಟಿಯವರು ಪ್ರೀತಿ ಬೆಳೆಸಬೇಕೆಂದರೆ ಪೋರ್ಚಿನ ಆಳವನ್ನು ಟೇಪ್ ಹಿಡಿದು ಅಳೆಯಬೇಕು. ಯಾರಿಗೆ ಯಾರು ಬುದ್ಧಿ ಹೇಳುವುದು? ನಮ್ಮ ಶಾಲು ವರ್ಷಕ್ಕೊಮ್ಮೆಯಾದರೂ ಒಬ್ಬರ ಬೆನ್ನು ಬೆಚ್ಚಗೆ ಮಾಡುತ್ತದೆ. ಹೊಸ ಮನೆಗಳ ಪೋರ್ಚುಗಳನ್ನು ನೋಡುತ್ತಿದ್ದೇನೆ, ಅಳತೆಗೆ ಸರಿಯಾಗಿ ಕಟ್ಟಿದ್ದಾರೆ, ಖಾಲಿ ಬಿದ್ದಿವೆ. ಕೊರಿಯರ್ ಡಬ್ಬಗಳು ಮಾತ್ರ ಜೋಡಿಯಾಗಿ ಕೂತಿರುತ್ತವೆ.

ಕಟ್ಟೆ ಒಡೆಯುವ ದಿನ ನಾನು ರಜೆ ಹಾಕಿದೆ. ಯಾಕೆ ಎಂದು ಆಫೀಸಿನಲ್ಲಿ ಹೇಳಲು ಬರಲಿಲ್ಲ. ಕಟ್ಟಿದ ಮೇಸ್ತ್ರಿಯೇ ಒಡೆಯಲು ಬಂದಿದ್ದ. ಶೈಲಕ್ಕ ಅವನಿಗೆ ಮಜ್ಜಿಗೆ ಕೊಟ್ಟರು. ಬಸಣ್ಣ ಗ್ರಾನೈಟ್ ಹಲಗೆಯನ್ನಾದರೂ ಉಳಿಸಿಕೊಳ್ಳೋಣವೆಂದರು, ಅದು ನಡುವೆ ಸೀಳಿತು. ರಾನ್ ನಾಯಿಯನ್ನು ಬಿಗಿಯಾಗಿ ಹಿಡಿದುಕೊಂಡು ಕೊನೆಯ ಕಲ್ಲು ಏಳುವವರೆಗೂ ಫುಟ್‌ಪಾತಿನಲ್ಲಿ ನಿಂತಿದ್ದ. ವಿಯೆಟ್ನಾಮಿ ಅಜ್ಜಿ ಶೈಲಕ್ಕನ ಕೈ ಹಿಡಿದು ಏನೇನೋ ಹೇಳಿದರು. ಶೈಲಕ್ಕ, 'ಹೌದವಾ, ಹೌದು' ಎನ್ನುತ್ತಿದ್ದರು. ನನಗೆ ಅಳು ಬಂತು. ಯಾರದೋ ಮನೆ ಮುಂದಿನ ನಾಲ್ಕು ಕಲ್ಲಿಗೆ ಅಳುವ ಕಾಲ ಬರುತ್ತದೆ ಎಂದು ಅಂದುಕೊಂಡಿರಲಿಲ್ಲ.

ಆಮೇಲೆ ಕೆಲವು ವಾರ ಶೈಲಕ್ಕ ಹೊರಗೆ ಕಾಣಲೇ ಇಲ್ಲ. ಸಂಜೆ ಟಿವಿಯ ಸದ್ದು ಕೇಳುತ್ತಿತ್ತು. ರಾನ್ ಅವರ ಮನೆ ಮುಂದೆ ಬಂದಾಗ ನಡಿಗೆ ನಿಧಾನ ಮಾಡಿ, ಬಾಗಿಲ ಕಡೆ ನೋಡಿ, ಮುಂದೆ ಹೋಗುತ್ತಿದ್ದ. ಅಜ್ಜಿ ಮೂಲೆ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟರು. ನಾನು ಮತ್ತೆ ಗ್ಯಾರೇಜಿನಿಂದ ಗ್ಯಾರೇಜಿಗೆ ಓಡಾಡತೊಡಗಿದೆ.

ಬಸಣ್ಣ ಮಾತ್ರ ಸುಮ್ಮನಿರಲಿಲ್ಲ. ಸಂಘದ ನಿಯಮ, ಸಿಟಿಯ ನಿಯಮ ಎರಡನ್ನೂ ರೊಟ್ಟಿ ಪ್ಯಾಕ್ ಮಾಡುತ್ತಾ ಮಾಡುತ್ತಾ ಓದಿ ಮುಗಿಸಿದರು. ಗ್ಯಾರೇಜಿನ ಮುಂದಿನ ಡ್ರೈವ್‌ವೇ ಮೇಲೆ ಚಾಲ್ತಿಯಲ್ಲಿರುವ ಗಾಡಿ ನಿಲ್ಲಿಸಬಹುದು. ನಿಂತ ಗಾಡಿಯಲ್ಲಿ ಮನುಷ್ಯರು ಕೂರಬಾರದು ಎಂದು ಎಲ್ಲೂ ಬರೆದಿಲ್ಲ. ಹಾಗೆ ಬರೆಯುವ ಧೈರ್ಯ, ಗಾಡಿಯನ್ನು ದೇವರ ಹಾಗೆ ಕಾಣುವ ಟೆಕ್ಸಸ್ಸಿನಲ್ಲಿ ಯಾರಿಗಿದೆ?

ಹೋದ ಶನಿವಾರ ಅವರ ಡ್ರೈವ್‌ವೇಗೆ ಒಂದು ಹಳೆಯ ಪಿಕಪ್ ಟ್ರಕ್ಕು ಬಂದು ನಿಂತಿತು. ದೊಡ್ಡದು, ಇಟ್ಟಿಗೆ ಕೆಂಪು. ಮೂತಿ ಮನೆ ಕಡೆಗೆ, ಹಿಂಭಾಗ ಬೀದಿ ಕಡೆಗೆ. ಗ್ಯಾರೇಜು, ಕಲ್ಲಿನ ಕಂಬ, ಅರ್ಧ ಕಿಟಕಿ ಅದರ ಹಿಂದೆ ಮುಚ್ಚಿಹೋದವು. ಬಸಣ್ಣ ಹಿಂದಿನ ಟೇಲ್‌ಗೇಟ್ ಕೆಳಗಿಳಿಸಿದರು, ಅಗಲವಾದ ಬೆಂಚಿನ ಹಾಗಾಯಿತು. ಅದರ ಮೇಲೆ ಜಮಖಾನ ಹಾಸಿದರು. ತೊಂದರೆ ಒಂದೇ, ಅದು ನೆಲದಿಂದ ಬಹಳ ಎತ್ತರ. ಬಸಣ್ಣ ಸ್ಟೂಲ್ ಇಟ್ಟರು. ಶೈಲಕ್ಕ ಸೆರಗು ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಗಂಡನ ಹೆಗಲು, ಇನ್ನೊಂದರಲ್ಲಿ ನನ್ನ ತಲೆ ಹಿಡಿದು, 'ಅಯ್ಯಯ್ಯೋ, ನನ್ನ ಮಣಕಾಲು' ಎಂದು ಕೂಗುತ್ತಾ ಹತ್ತಿದರು. ಕೂತ ಮೇಲೆ ಬೆವರು ಒರೆಸಿಕೊಂಡರು. ಅಷ್ಟರಲ್ಲಿ ರಾನ್ ನಾಯಿ ಎಳೆದುಕೊಂಡು ಹೆಚ್ಚುಕಡಿಮೆ ಓಡುತ್ತಾ ಬಂದ.

ನಿನ್ನೆ ಇನ್‌ಸ್ಪೆಕ್ಟರ್ ಬಂದಿದ್ದ. ಮತ್ತೆ ಯಾರೋ ಫೋನ್ ಮಾಡಿದ್ದರಂತೆ. ಟ್ರಕ್ಕಿನ ನಂಬರ್ ಪ್ಲೇಟ್ ನೋಡಿದ, ಟೈರುಗಳಲ್ಲಿ ಗಾಳಿ ಇರುವುದನ್ನು ಒತ್ತಿ ನೋಡಿದ, ಮೇಲೆ ಕೂತ ಶೈಲಕ್ಕನಿಗೆ ನಮಸ್ಕಾರ ಮಾಡಿದ. ಎಲ್ಲವೂ ನಿಯಮದ ಪ್ರಕಾರವೇ ಇದೆ ಎಂದು ಟ್ಯಾಬ್‌ನಲ್ಲಿ ಬರೆದುಕೊಂಡು ಹೋದ.

ಮಂಡಿ ನೋಯುವ ಹೆಂಗಸು ನಾಲ್ಕು ಜನರ ಮುಖ ನೋಡುವುದಕ್ಕೆ ಟ್ರಕ್ಕು ಹತ್ತಬೇಕಾದ ಬೀದಿಗೆ ಯಾವ ಕಲ್ಲು ಹಚ್ಚಿದರೆ ತಾನೆ ಅಂದ ಬಂದೀತು?